ಲೇಔಟ್ ಬೇಕೋ ಬೇಡವೋ: ಪಂಚಾಯಿತಿಯ ಮೇಜಿನ ಮೇಲೆ ನಾವು ಇಟ್ಟ ಲೆಕ್ಕ

ಬೆಂಗಳೂರು ಗ್ರಾಮಾಂತರದ ಯಾವ ಗ್ರಾಮ ಸಭೆಗೆ ಹೋದರೂ ಈಗ ಒಂದೇ ಜಗಳ, ಲೇಔಟ್. ಜಮೀನಿದ್ದವರಿಗೆ ಬೆಲೆ ಬರಬೇಕು. ಡೇರಿಗೆ ಹಾಲು ಹಾಕುವವರಿಗೆ ಗೋಮಾಳ ಉಳಿಯಬೇಕು. ಮನೆಯಿಲ್ಲದವರಿಗೆ ಇಪ್ಪತ್ತು ಮೂವತ್ತರ ಒಂದು ತುಂಡು ನೆಲ ಬೇಕು. ಸಿಟಿಯಿಂದ ಬಂದು ಮನೆ ಕಟ್ಟಿದವರಿಗೆ ನಲ್ಲಿಯಲ್ಲಿ ನೀರು ಬರಬೇಕು. ನಾಲ್ಕೂ ನ್ಯಾಯವಾದ ಬೇಡಿಕೆಗಳೇ. ಕೂಗಾಟದಲ್ಲಿ ಇವನ್ನು ತೀರ್ಮಾನಿಸಲು ಆಗುವುದಿಲ್ಲ ಎಂಬುದು ಗೊತ್ತಾದ ಮೇಲೆ ನಮ್ಮ ಪಂಚಾಯಿತಿಯಲ್ಲಿ ಮೊದಲು ಲೆಕ್ಕ, ಆಮೇಲೆ ಮಾತು ಎಂಬ ಕ್ರಮ ಮಾಡಿಕೊಂಡೆವು. ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ತಾಲ್ಲೂಕಿನ ಸ್ಥಿತಿ ಹೆಚ್ಚೂಕಡಿಮೆ ಒಂದೇ ಆದ್ದರಿಂದ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. 1986ರಲ್ಲಿ ಜಿಲ್ಲೆ ಬೇರೆಯಾಯಿತು, 2007ರಲ್ಲಿ ರಾಮನಗರದ ಕಡೆಯ ತಾಲ್ಲೂಕುಗಳು ಬಿಟ್ಟುಹೋದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ಹಾರಿತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆಯ ಮೇಲೆ ಉಪನಗರ ವರ್ತುಲ ಹೆದ್ದಾರಿ (ಎಸ್‌ಟಿಆರ್‌ಆರ್) ಬಂತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ರದ್ದಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾಯಿತು. ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು 2025ರ ಜುಲೈನಲ್ಲಿ ನಂದಿಬೆಟ್ಟದ ಸಂಪುಟ ಸಭೆ ತೀರ್ಮಾನಿಸಿತು. ಬ್ರೋಕರುಗಳ ಬ್ಯಾನರಿನಲ್ಲಿ ಅದು ಎಷ್ಟೋ ವರ್ಷದ ಹಿಂದೆಯೇ ‘ನಾರ್ತ್ ಬೆಂಗಳೂರು’ ಆಗಿತ್ತು, ಅದು ಬೇರೆ ಮಾತು.

ಅಧಿಕಾರ ಎಲ್ಲಿದೆ, ಹೊರೆ ಎಲ್ಲಿದೆ

ಲೇಔಟ್ ನಕ್ಷೆಗೆ ಮಂಜೂರಾತಿ ಕೊಡುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ. ಸಭೆಯ ಆರಂಭದಲ್ಲೇ ಇದನ್ನು ಹೇಳಿಬಿಡಬೇಕು. ಇಲ್ಲದಿದ್ದರೆ ಅರ್ಧ ದಿನ ವ್ಯರ್ಥ. ಕೃಷಿ ಜಮೀನನ್ನು ವಸತಿಗೆ ಪರಿವರ್ತಿಸುವವರು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ. ನಕ್ಷೆ ಮಂಜೂರು ಮಾಡುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಪ್ರಕಾರ ಯೋಜನಾ ಪ್ರಾಧಿಕಾರ. ಪಂಚಾಯಿತಿಯ ಕೈಯಲ್ಲಿರುವುದು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂನಡಿ ಮನೆ ಕಟ್ಟುವ ಪರವಾನಗಿ, 199ರಡಿ ತೆರಿಗೆ, ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ, ಎಂದರೆ ಆಸ್ತಿಯ ಮತ್ತು ತೆರಿಗೆಯ ವಹಿಯ ಪ್ರತಿ. ಅದರ ಹಿಂದೆಯೇ ನೀರು, ಬೀದಿದೀಪ, ಚರಂಡಿ, ಕಸ. ಸಂಬಂಧ ಕುದುರಿಸುವವರು ಬೇರೆ, ಸಂಸಾರ ತೂಗಿಸುವವರು ನಾವು.

ಹಾಗೆಂದು ಕೈ ಕಟ್ಟಿ ಕೂರಬೇಕಾಗಿಲ್ಲ. ಪಂಚಾಯಿತಿಯ ಮಾತಿಗೆ ಬೆಲೆ ಬರುವ ಘಟ್ಟಗಳು ನಾಲ್ಕಿವೆ: ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದಾಗ, ಭೂ ಪರಿವರ್ತನೆಯ ಅರ್ಜಿ ಇರುವಾಗ, ರಸ್ತೆ ಮತ್ತು ಪಾರ್ಕು ಪಂಚಾಯಿತಿಗೆ ಹಸ್ತಾಂತರವಾಗುವಾಗ, ನಮೂನೆ 9 ಕೊಡುವಾಗ. ಕೊನೆಯ ಘಟ್ಟದಲ್ಲಿ ಮಾತ್ರ ಜಗಳ ತೆಗೆದರೆ ಅದರ ಪೆಟ್ಟು ತಿನ್ನುವವನು ಸಾಲ ಮಾಡಿ ಸೈಟು ಕೊಂಡ ಬಡಪಾಯಿ. ಲೇಔಟ್ ಮಾಡಿದವನು ಆ ಹೊತ್ತಿಗೆ ಇನ್ನೊಂದು ಹೋಬಳಿಯಲ್ಲಿರುತ್ತಾನೆ.

ಮೊದಲು ಗ್ರಾಮ ನಕ್ಷೆ

ಭೂಮಾಪನ ಇಲಾಖೆಯಿಂದ ಪಂಚಾಯಿತಿಯ ಪ್ರತಿ ಹಳ್ಳಿಯ ಗ್ರಾಮ ನಕ್ಷೆ ತೆಗೆಸಿ ದೊಡ್ಡದಾಗಿ ಮುದ್ರಿಸಿಕೊಂಡೆವು. ಅದರ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಕೆರೆ, ಹಳ್ಳ, ರಾಜಕಾಲುವೆ, ಬಂಡಿ ದಾರಿ, ಕಾಲುದಾರಿ, ಗೋಮಾಳ, ಸ್ಮಶಾನ, ಗುಂಡುತೋಪು ಗುರುತು. ಬೇರೊಂದು ಬಣ್ಣದಲ್ಲಿ ಪರಿವರ್ತನೆಯಾದ ಸರ್ವೆ ನಂಬರುಗಳು. ಮೂರನೆಯ ಬಣ್ಣದಲ್ಲಿ ಪರಿವರ್ತನೆ ಇಲ್ಲದೆ ಕಲ್ಲು ನೆಟ್ಟು ಮಾರಾಟಕ್ಕಿಟ್ಟವು. ಈ ನಕ್ಷೆಯನ್ನು ಗೋಡೆಗೆ ಹಾಕಿದ ಮೇಲೆ ಸಭೆಯ ಮಾತಿನ ಧಾಟಿಯೇ ಬೇರೆಯಾಗುತ್ತದೆ. ‘ಊರು ಹಾಳಾಯಿತು’ ಎನ್ನುತ್ತಿದ್ದವರು ‘ಈ ನಂಬರಿನ ಪಡುವಣ ಹಳ್ಳ ಎಲ್ಲಿ ಹೋಯಿತು’ ಎಂದು ಕೇಳತೊಡಗುತ್ತಾರೆ. ಉತ್ತರ ಕೊಡಲು ಸಾಧ್ಯವಿರುವ ಪ್ರಶ್ನೆ ಇದೊಂದೇ.

ಒಂದೊಂದು ನಂಬರಿಗೂ ಪಹಣಿ, ಮ್ಯುಟೇಷನ್ (ಹಕ್ಕು ಬದಲಾದ ದಾಖಲೆ), ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ದಾಖಲೆ), ಟಿಪ್ಪಣಿ (ಮೂಲ ಸರ್ವೆಯ ಅಳತೆ) ಜೋಡಿಸಿ ನೋಡಬೇಕು. ಪಹಣಿ ಒಂದನ್ನೇ ನೋಡಿದರೆ ಸಿಕ್ಕಿಬೀಳುತ್ತೀರಿ, ಖರಾಬಿನ ವಿಂಗಡಣೆ ಅದರಲ್ಲಿ ಸ್ಪಷ್ಟವಾಗಿರುವುದಿಲ್ಲ. ಎ ಖರಾಬು ಸಾಗುವಳಿಗೆ ಬಾರದ ನೆಲ, ಬಿ ಖರಾಬು ಸಾರ್ವಜನಿಕರದ್ದು, ಎಂದರೆ ಹಳ್ಳ, ದಾರಿ, ಕಾಲುವೆ. ಬಿ ಖರಾಬನ್ನು ಲೇಔಟಿನ ವಿಸ್ತೀರ್ಣಕ್ಕೆ ಸೇರಿಸುವಂತಿಲ್ಲ, ಅದನ್ನೇ ಪಾರ್ಕು ಎಂದು ತೋರಿಸುವಂತೆಯೂ ಇಲ್ಲ. ಮೋಸ ನಡೆಯುವುದು ಹೆಚ್ಚಾಗಿ ಇಲ್ಲಿಯೇ. ಎರಡು ಗೀಟಿನ ಹಳ್ಳವನ್ನು ನಕ್ಷೆಯಲ್ಲಿ ಒಂದು ಗೀಟಿನ ಚರಂಡಿ ಮಾಡಿರುತ್ತಾರೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಪರಿವರ್ತನೆಯಾಗುತ್ತಿದ್ದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಇರಲೇಬೇಕು, ಅದರಲ್ಲಿನ ಚಕ್ಕುಬಂದಿಯೂ ಲೇಔಟ್ ನಕ್ಷೆಯ ಚಕ್ಕುಬಂದಿಯೂ ಹೊಂದಬೇಕು.

ಮೂಲ ಮಂಜೂರಾತಿಯನ್ನು ಮರೆಯಬೇಡಿ. ದರಖಾಸ್ತಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದು ಕೈಬದಲಾಗುವಂತಿಲ್ಲ. 2023ರ ತಿದ್ದುಪಡಿಯ ಮೇಲೆ ವಾಪಸು ಕೇಳಲು ಕಾಲಮಿತಿಯೂ ಇಲ್ಲ. ಅಂಥ ನಂಬರಿನಲ್ಲಿ ಮನೆ ಎದ್ದ ಮೇಲೆ ಬರುವ ವ್ಯಾಜ್ಯದಲ್ಲಿ ಮಂಜೂರಿದಾರನೂ ಸೈಟು ಕೊಂಡವನೂ ಇಬ್ಬರೂ ಕೋರ್ಟಿನ ಬಾಗಿಲು ಕಾಯಬೇಕಾಗುತ್ತದೆ.

ನೀರಿನ ಲೆಕ್ಕ

ಇದಕ್ಕೆ ಸಮಯ ಕೊಟ್ಟಷ್ಟೂ ಒಳ್ಳೆಯದು, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. ಸಾವಿರ, ಸಾವಿರದಿನ್ನೂರು ಅಡಿ ಕೊರೆದರೂ ನೀರು ಬರುವ ಭರವಸೆ ಇಲ್ಲ.

ಹತ್ತು ಎಕರೆ ಲೇಔಟನ್ನು ಮಾದರಿಯಾಗಿ ಹಿಡಿದೆವು. ಹತ್ತು ಎಕರೆ ಎಂದರೆ 4,35,600 ಚದರಡಿ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಕಳೆದು ನೂರಕ್ಕೆ ಐವತ್ತೈದು ಭಾಗ ಸೈಟಿಗೆ ಸಿಕ್ಕಿತು ಎಂದುಕೊಳ್ಳಿ. ಮೂವತ್ತು ನಲವತ್ತರ, ಎಂದರೆ 1,200 ಚದರಡಿಯ ಸೈಟುಗಳು ಸುಮಾರು 200 ಆಗುತ್ತವೆ. ಮನೆಗೆ ನಾಲ್ಕೂವರೆ ಜನದ ಸರಾಸರಿಯಲ್ಲಿ 900 ಜನ. ಕಾಯ್ದೆಯ ಪ್ರಕಾರ ಒಂದು ಗ್ರಾಮ ಪಂಚಾಯಿತಿಯ ಜನಸಂಖ್ಯೆಯೇ 5,000ದಿಂದ 7,000, ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಒಂದೇ ಲೇಔಟ್ ತುಂಬಿದರೆ ಇಬ್ಬರು ಸದಸ್ಯರಷ್ಟು ಮತ. ರಾಜಕೀಯದವರು ಈ ಲೆಕ್ಕವನ್ನು ನಮಗಿಂತ ಮೊದಲೇ ಹಾಕಿರುತ್ತಾರೆ.

ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರು. 900 ಜನಕ್ಕೆ 49,500 ಲೀಟರು. ಆದರೆ ಸಂಪು, ಫ್ಲಶ್ಶು, ವಾಷಿಂಗ್ ಮೆಷಿನ್ ಇರುವ ಮನೆಯಲ್ಲಿ 55 ಲೀಟರಿನಲ್ಲಿ ಯಾರೂ ನಿಲ್ಲುವುದಿಲ್ಲ. ತಲೆಗೆ 100 ಎಂದು ಹಿಡಿದರೆ 90,000 ಲೀಟರು. ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಡೆವಲಪರ್ ಮೊದಲನೆಯದನ್ನು ತೋರಿಸುತ್ತಾನೆ, ನೀರುಗಂಟಿ ಎರಡನೆಯದನ್ನು ಅನುಭವಿಸುತ್ತಾನೆ.

ಇನ್ನು ಬೋರ್‌ವೆಲ್ ಎಷ್ಟು ಕೊಡುತ್ತದೆ? ನಮ್ಮ ಕಡೆ ‘ಎರಡಿಂಚು ನೀರು’ ಎಂದು ಹೇಳಿ ಮುಗಿಸುತ್ತಾರೆ. ಆ ಇಂಚು ಪೈಪಿನ ಅಗಲವಲ್ಲ, ವಿ ಆಕಾರದ ಕಚ್ಚಿನ ಪೆಟ್ಟಿಗೆಯಲ್ಲಿ ನೀರು ಹರಿಯುವ ಎತ್ತರ. ತೊಂಬತ್ತು ಡಿಗ್ರಿ ಕಚ್ಚಿನಲ್ಲಿ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರು, ಒಂದೂವರೆಗೆ 1,400, ಎರಡಕ್ಕೆ 2,900, ಮೂರಕ್ಕೆ ಹತ್ತಿರ ಹತ್ತಿರ 8,000. ಅರ್ಧ ಇಂಚಿನ ಮಾತಿನಲ್ಲಿ ನೀರು ದುಪ್ಪಟ್ಟಾಗುತ್ತದೆ. ಆದ್ದರಿಂದ ಇಂಚಿನ ಲೆಕ್ಕವನ್ನು ಒಪ್ಪಿಕೊಳ್ಳದೆ ಡ್ರಮ್ಮು ಮತ್ತು ಗಡಿಯಾರದಲ್ಲಿ ಅಳೆದೆವು. 200 ಲೀಟರಿನ ಡ್ರಮ್ಮು ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000. ಹೊಸ ಸಲಕರಣೆ ಏನೂ ಬೇಡ. ಆದರೆ ಎರಡು ಎಚ್ಚರ ಬೇಕು. ಮೋಟರು ಹಾಕಿದ ತಕ್ಷಣ ಅಳೆಯಬಾರದು. ಮೊದಲು ಬರುವುದು ಕೇಸಿಂಗಿನಲ್ಲಿ ನಿಂತ ನೀರು, ಕನಿಷ್ಠ ಏಳೆಂಟು ಗಂಟೆ ಓಡಿದ ಮೇಲೆ ಬರುವುದೇ ನಿಜವಾದ ಇಳುವರಿ. ಇನ್ನೊಂದು, ಅಳತೆ ಏಪ್ರಿಲ್, ಮೇನಲ್ಲಿ ಆಗಬೇಕು. ನವೆಂಬರಿನಲ್ಲಿ ಅಳೆದು ತಂದ ವರದಿ ಕಾಗದಕ್ಕೂ ದಂಡ.

ಎರಡಿಂಚಿನ ಬೋರು ದಿನಕ್ಕೆ ಎಂಟು ಗಂಟೆ ಓಡಿದರೆ ಸುಮಾರು 23,000 ಲೀಟರು. 49,500ಕ್ಕೆ ಅಂಥವು ಎರಡಕ್ಕಿಂತ ಹೆಚ್ಚು, 90,000ಕ್ಕೆ ನಾಲ್ಕು. ಬೇಸಿಗೆಯಲ್ಲಿ ಇಳುವರಿ ಅರ್ಧಕ್ಕೆ ಇಳಿದರೆ ಎಂಟು. ಹತ್ತು ಎಕರೆಯೊಳಗೆ ಎಂಟು ಬೋರು ಕೊರೆದರೆ ಒಂದರ ನೀರನ್ನು ಇನ್ನೊಂದು ಕುಡಿಯುತ್ತದೆ. ಜೊತೆಗೆ 1999ರ ಕುಡಿಯುವ ನೀರಿನ ಮೂಲಗಳ ಸಂರಕ್ಷಣಾ ಕಾಯ್ದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ. ಊರಿನ ಬೋರುಗಳ ಸುತ್ತ ಈ 500 ಮೀಟರಿನ ವೃತ್ತಗಳನ್ನು ಗ್ರಾಮ ನಕ್ಷೆಯ ಮೇಲೆ ಕೈವಾರದಲ್ಲಿ ಎಳೆಯಿರಿ. ನಕ್ಷೆಯಲ್ಲಿ ಖಾಲಿ ಉಳಿಯುವ ಜಾಗ ನೋಡಿದ ಮೇಲೆ ಹೆಚ್ಚು ವಾದ ಮಾಡಬೇಕಾಗುವುದಿಲ್ಲ.

ಈ ಅಳತೆಗಳನ್ನು ಸಭೆಯಲ್ಲಿ ಓದುವವರು ನೀರುಗಂಟಿಯೇ ಆಗಿರಲಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಓದಿದರೆ ‘ಆಫೀಸಿನವರ ಲೆಕ್ಕ’ ಎನ್ನುತ್ತಾರೆ. ಬೆಳಗಿನ ಜಾವ ವಾಲ್ವು ತಿರುಗಿಸುವವನ ಮಾತನ್ನು ಅಲ್ಲಗಳೆಯಲು ಯಾರಿಗೂ ಮುಖವಿರುವುದಿಲ್ಲ.

ನಾವು ಬರೆದಿಟ್ಟ ಷರತ್ತು ಇಷ್ಟು: ಲೇಔಟಿನ ನೀರಿನ ಜಾಲ ಊರಿನ ಜಾಲಕ್ಕೆ ಸೇರಕೂಡದು, ಪ್ರತ್ಯೇಕ ಓವರ್‌ಹೆಡ್ ಟ್ಯಾಂಕು, ವಿದ್ಯುತ್ ಸಂಪರ್ಕಕ್ಕೆ ಪ್ರತ್ಯೇಕ ಆರ್‌.ಆರ್. ನಂಬರು, ಟ್ಯಾಂಕಿನಿಂದ ಹೊರಡುವ ಪೈಪಿಗೆ ಒಂದು ದೊಡ್ಡ ಮೀಟರು. ಆರಂಭದಲ್ಲಿ ನಾಲ್ಕೈದು ಮನೆ ಇರುವಾಗ ‘ಊರಿನ ಪೈಪಿನಿಂದಲೇ ಒಂದು ಕನೆಕ್ಷನ್ ಕೊಡಿ’ ಎಂಬ ಕೋರಿಕೆ ಬಂದೇ ಬರುತ್ತದೆ. ಅಲ್ಲಿ ಸಡಿಲ ಬಿಟ್ಟರೆ ಆಮೇಲೆ ಬಿಗಿ ಮಾಡಲಾಗದು.

ಗುಂಡಿ ಮತ್ತು ಬೋರಿನ ನಡುವೆ

ಕೊಟ್ಟ ನೀರಿನ ನೂರಕ್ಕೆ ಎಂಬತ್ತು ಭಾಗ ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. 90,000ಕ್ಕೆ 72,000 ಲೀಟರು. ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ‘ಪ್ರತಿ ಮನೆಗೂ ಸೆಪ್ಟಿಕ್ ಟ್ಯಾಂಕ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಮ್ಮ ಕಡೆ ಕಟ್ಟುವುದು ಸೆಪ್ಟಿಕ್ ಟ್ಯಾಂಕನ್ನಲ್ಲ, ತಳವಿಲ್ಲದ ಸಿಮೆಂಟ್ ರಿಂಗಿನ ಗುಂಡಿಯನ್ನು. ಅದು ಬೇಗ ತುಂಬುವುದಿಲ್ಲ, ಆದ್ದರಿಂದ ಎಲ್ಲರಿಗೂ ಇಷ್ಟ. ತುಂಬದಿರುವುದಕ್ಕೆ ಕಾರಣ ಅದು ನೆಲಕ್ಕೆ ಇಳಿಯುತ್ತಿರುವುದು.

ಇಂಥ ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಕನಿಷ್ಠ ಐವತ್ತು ಅಡಿ ಇರಬೇಕು. ಮೂವತ್ತು ನಲವತ್ತರ ಸೈಟುಗಳನ್ನು ಸಾಲಾಗಿ ಜೋಡಿಸಿದ ಕಾಗದದ ಮೇಲೆ ಇದನ್ನು ಪ್ರಯತ್ನಿಸಿ ನೋಡಿ. ಮೂವತ್ತು ಅಡಿ ಅಗಲದ ಸೈಟಿನಲ್ಲಿ ಬೋರನ್ನು ಎಲ್ಲಿ ಇಟ್ಟರೂ ಎಡ, ಬಲ, ಹಿಂದೆ, ಮೂರು ಕಡೆಯ ಗುಂಡಿಗಳಲ್ಲಿ ಒಂದಾದರೂ ಐವತ್ತು ಅಡಿಯೊಳಗೆ ಬರುತ್ತದೆ. ಆದ್ದರಿಂದ ಮನೆಗೊಂದು ಗುಂಡಿ, ಮನೆಗೊಂದು ಬೋರು ಎರಡೂ ಒಟ್ಟಿಗೆ ಸಾಧ್ಯವಿಲ್ಲ. ಗುಂಡಿ ಇರುವ ಲೇಔಟಿನಲ್ಲಿ ಬೋರುಗಳು ಒಂದೇ ಕಡೆ, ಎತ್ತರದ ಬದಿಗೆ, ಸುತ್ತ ಖಾಲಿ ಜಾಗ ಬಿಟ್ಟು ಇರಬೇಕು. ಪಾರ್ಕಿನ ಜಾಗವನ್ನು ಆ ಬದಿಗೇ ಕೇಳಿ. ಡೆವಲಪರುಗಳು ಪಾರ್ಕನ್ನು ಮಾರಾಟವಾಗದ ತಗ್ಗಿನ ಮೂಲೆಗೆ ತಳ್ಳುತ್ತಾರೆ, ನೀರು ನಿಲ್ಲುವುದೂ ಅಲ್ಲೇ, ಕೊಳಚೆ ಹೋಗಿ ಸೇರುವುದೂ ಅಲ್ಲೇ.

ಬೋರಿನ ನೀರನ್ನು ಪರೀಕ್ಷೆಗೆ ಕಳಿಸುವಾಗ ನೈಟ್ರೇಟ್ ಮತ್ತು ಫ್ಲೋರೈಡ್ ಎರಡನ್ನೂ ಕೇಳಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದ್ದರೆ ಗುಂಡಿಯ ಅಥವಾ ತಿಪ್ಪೆಯ ನೀರು ಸೇರುತ್ತಿದೆ ಎಂದು ಅನುಮಾನಿಸಿ. ಫ್ಲೋರೈಡ್ 1.5 ಮೀರಿದ್ದರೆ ಅದು ಬಂಡೆಯಿಂದಲೇ ಬಂದದ್ದು, ಆಳ ಹೆಚ್ಚಿಸಿದರೆ ಕಡಿಮೆಯಾಗದು.

ಗುಂಡಿ ಖಾಲಿ ಮಾಡುವ ಟ್ಯಾಂಕರಿನವರು ಅದನ್ನು ಸುರಿಯುವುದೆಲ್ಲಿ ಎಂಬುದನ್ನೂ ವಿಚಾರಿಸಬೇಕು. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ ದೇಶದಲ್ಲೇ ಈ ಬಗೆಯ ಮೊದಲ ಪಟ್ಟಣ ಮಟ್ಟದ ಘಟಕ. ಘಟಕ ದೂರವಿದ್ದರೆ ಡೀಸೆಲ್ ಉಳಿಸಲು ಟ್ಯಾಂಕರು ರಾತ್ರಿ ಹಳ್ಳದ ದಂಡೆಗೆ ಹೋಗುತ್ತದೆ. ಟ್ಯಾಂಕರುಗಳನ್ನು ಪಂಚಾಯಿತಿಯಲ್ಲಿ ನೋಂದಾಯಿಸಿ, ಪ್ರತಿ ಲೋಡಿಗೂ ಘಟಕದ ರಸೀದಿ ತಂದರೆ ಮಾತ್ರ ಮುಂದಿನ ಕೆಲಸ ಎಂದು ಮಾಡುವುದು ಸುಲಭದ ಉಪಾಯ. ಪೂರ್ತಿ ತಡೆಯುವುದಿಲ್ಲ, ಕಡಿಮೆ ಮಾಡುತ್ತದೆ.

ಮಳೆನೀರಿನ ವಿಷಯದಲ್ಲಿ ಒಂದೇ ಅಂಕಿ ಸಾಕು: 800 ಚದರಡಿ ಛಾವಣಿಗೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 740 ಲೀಟರು. ಮನೆ ಪರವಾನಗಿ ಕೊಡುವಾಗಲೇ ನಕ್ಷೆಯಲ್ಲಿ ಅದರ ಪೈಪು ಎಲ್ಲಿ ಇಳಿಯುತ್ತದೆ ಎಂದು ನೋಡಿ. ಅದು ರಿಂಗಿನ ಗುಂಡಿಗೆ ಇಳಿಯುತ್ತಿದ್ದರೆ ಮೊದಲ ದೊಡ್ಡ ಮಳೆಗೆ ಗುಂಡಿ ಬೀದಿಗೆ ಉಕ್ಕುತ್ತದೆ.

ರಸ್ತೆ, ಪಾರ್ಕು ಕೈಗೆ ತೆಗೆದುಕೊಳ್ಳುವಾಗ

ಮಂಜೂರಾದ ನಕ್ಷೆಯಲ್ಲಿನ ರಸ್ತೆ, ಪಾರ್ಕು ಉಚಿತವಾಗಿ ಪಂಚಾಯಿತಿಗೆ ಬರಬೇಕು. ನೋಂದಾಯಿತ ಪರಿತ್ಯಾಜನಾ ಪತ್ರ (ಹಕ್ಕು ಬಿಟ್ಟುಕೊಡುವ ಪತ್ರ) ಇಲ್ಲದೆ ಅದು ಬಂದಂತಲ್ಲ. ಪತ್ರ ಬಂದ ದಿನವೇ ಪಾರ್ಕಿಗೆ ಪಂಚಾಯಿತಿಯ ಹೆಸರಿನಲ್ಲಿ ಸ್ವತ್ತಿನ ಸಂಖ್ಯೆ ಕೊಟ್ಟು ಆಸ್ತಿ ವಹಿಯಲ್ಲಿ ಏರಿಸಿ. ಸಂಖ್ಯೆ ಇಲ್ಲದ ಖಾಲಿ ಜಾಗಕ್ಕೆ ಕೆಲವು ವರ್ಷಗಳ ಮೇಲೆ ಬೇರೆಯವರ ಹೆಸರಿನ ಸಂಖ್ಯೆ ಹುಟ್ಟಿಕೊಳ್ಳುತ್ತದೆ. ಬೇಲಿಗೆ ಹಣವಿಲ್ಲದಿದ್ದರೆ ಟ್ಯಾಂಕನ್ನೋ ಅಂಗನವಾಡಿಯನ್ನೋ ಅಲ್ಲೇ ಕಟ್ಟಿಸಿ. ಬಳಕೆಯಲ್ಲಿರುವ ಜಾಗವನ್ನು ಒತ್ತುವರಿ ಮಾಡಲು ಧೈರ್ಯ ಬೇಕಾಗುತ್ತದೆ.

ರಸ್ತೆಯನ್ನು ಕಣ್ಣಿನಲ್ಲಿ ನೋಡಿ ಒಪ್ಪಬಾರದು. ಅಂದಾಜು ಪಟ್ಟಿಯಲ್ಲಿ ಜಲ್ಲಿಯ ಪದರ, ವೆಟ್‌ಮಿಕ್ಸ್, ಡಾಂಬರು ಎಷ್ಟೆಷ್ಟು ದಪ್ಪ ಎಂದು ಬರೆದಿರುತ್ತದೆ. ನೂರು ಮೀಟರಿಗೊಂದರಂತೆ ಒಂದಡಿ ಚೌಕದ ಗುಂಡಿ ತೋಡಿಸಿ ಟೇಪಿನಲ್ಲಿ ಅಳೆಯಿರಿ. ಮಧ್ಯದಲ್ಲಿ ತೋಡಬೇಡಿ, ಅಂಚಿನಿಂದ ಒಂದೆರಡು ಅಡಿ ಒಳಗೆ ತೋಡಿಸಿ. ಕದಿಯುವುದು ಅಂಚಿನಲ್ಲಿ, ಒಡೆಯುವುದೂ ಅಲ್ಲಿಂದಲೇ. ಚರಂಡಿಗೆ ನೂರು ಅಡಿಗೆ ಅರ್ಧ ಅಡಿ ಇಳಿಜಾರಿದ್ದರೆ ನೀರು ತಾನಾಗಿ ಹೋಗುತ್ತದೆ. ಮಟ್ಟದ ಯಂತ್ರ ಇಲ್ಲದಿದ್ದರೆ ಮೇಲಿನ ತುದಿಯಲ್ಲಿ ಒಂದು ಟ್ಯಾಂಕರ್ ನೀರು ಬಿಟ್ಟು ಎಲ್ಲಿ ನಿಲ್ಲುತ್ತದೆ ನೋಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಚರಂಡಿಯ ಕೊನೆ. ನಕ್ಷೆಯಲ್ಲಿ ಅದು ಲೇಔಟಿನ ಗಡಿಯವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಗಡಿಯ ಆಚೆ ಯಾರದೋ ರಾಗಿ ಹೊಲ. ಹಳ್ಳದವರೆಗಿನ ದಾರಿ ಯಾರ ನಂಬರಿನಲ್ಲಿದೆ, ಅವರ ಒಪ್ಪಿಗೆ ಪತ್ರ ಎಲ್ಲಿದೆ ಎಂದು ಕೇಳದೆ ಮುಂದೆ ಹೋಗಬೇಡಿ.

ಬೀದಿದೀಪದ ಹೊರೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಅದೇ ಹತ್ತು ಎಕರೆಯಲ್ಲಿ ನೂರಕ್ಕೆ ಮೂವತ್ತು ಭಾಗ ರಸ್ತೆ, ಮೂವತ್ತಡಿ ಅಗಲ ಎಂದರೆ ಒಟ್ಟು ಉದ್ದ ಸುಮಾರು 1,330 ಮೀಟರ್. ಮೂವತ್ತು ಮೀಟರಿಗೊಂದು ಕಂಬದಂತೆ 44 ಕಂಬ. 40 ವ್ಯಾಟಿನ ಎಲ್‌ಇಡಿ ರಾತ್ರಿಗೆ ಹನ್ನೊಂದು ಗಂಟೆ ಉರಿದರೆ ತಿಂಗಳಿಗೆ 580 ಯೂನಿಟ್. ಐದೇ ಮನೆ ಇದ್ದರೂ ಬಿಲ್ಲು ಇಷ್ಟೇ. ಹಾಗಾಗಿ ಸಾಲುಸಾಲಿಗೆ ಬೇರೆ ಸ್ವಿಚ್ಚು, ಟೈಮರು ಹಾಕಿಸಿ, ಮನೆ ಬಂದ ಬೀದಿಗೆ ಮಾತ್ರ ದೀಪ ಹಚ್ಚಿ.

ಸೈಟುಗಳನ್ನು ಪ್ರಾಧಿಕಾರ ಒಂದೇ ಸಲ ಬಿಡುಗಡೆ ಮಾಡುವುದಿಲ್ಲ, ಕೆಲಸ ಮುಗಿದಂತೆ ಹಂತಹಂತವಾಗಿ ಬಿಡುತ್ತದೆ. ಪಂಚಾಯಿತಿಯ ನಿಜವಾದ ಹಿಡಿತ ಇರುವುದು ಈ ಹಂತಗಳ ನಡುವೆ. ಕೊನೆಯ ಕಂತು ಬಿಡುವ ಮೊದಲೇ ನಿಮ್ಮ ರಸ್ತೆ ಗುಂಡಿಗಳ ಅಳತೆ, ನೀರಿನ ಅಳತೆ, ಫೋಟೋ ಸಹಿತ ವರದಿ ಪ್ರಾಧಿಕಾರಕ್ಕೆ ಹೋಗಿ ಸ್ವೀಕೃತಿ ಪಡೆದಿರಬೇಕು. ಮನೆಗಳು ತುಂಬುವುದು ಹತ್ತಾರು ವರ್ಷದಲ್ಲಿ, ಆಗ ದೂರು ಕೇಳಲು ಡೆವಲಪರ್ ಇರುವುದಿಲ್ಲ. ‘ಹಾಗಾದರೆ ಸೈಟಿಗಿಷ್ಟು ಎಂದು ಪಂಚಾಯಿತಿಯೇ ಠೇವಣಿ ಕಟ್ಟಿಸಿಕೊಳ್ಳಲಿ’ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ನಿಯಮದಲ್ಲಿ ಇಲ್ಲದ ಶುಲ್ಕ ವಸೂಲಿ ಮಾಡಿದರೆ ಕೋರ್ಟಿನಲ್ಲಿ ನಿಲ್ಲದು. ರಸೀದಿ ಇಲ್ಲದೆ ಮಾಡಿದರೆ ಅದರ ಹೆಸರೇ ಬೇರೆ.

ನಡಾವಳಿ ಬರೆಯುವ ರೀತಿ

‘ನಮ್ಮ ಪಂಚಾಯಿತಿಯಲ್ಲಿ ಇನ್ನು ಯಾವುದೇ ಲೇಔಟಿಗೆ ಅವಕಾಶ ಕೊಡಬಾರದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಚಪ್ಪಾಳೆ ಬೀಳುವ ನಡಾವಳಿ ಇದು, ಆದರೆ ಒಂದು ಅರ್ಜಿಗೂ ತಡೆಯಾಗದು. ಇಲ್ಲದ ಅಧಿಕಾರವನ್ನು ಚಲಾಯಿಸಿದಂತೆ ಕಾಣುತ್ತದೆ ಅಷ್ಟೇ. ನಾವು ಬರೆಯುವ ರೀತಿ ಹೀಗೆ: ಸರ್ವೆ ನಂಬರು ಇಂಥದ್ದು, ಗ್ರಾಮ ನಕ್ಷೆಯಂತೆ ಇದರಲ್ಲಿ ಹಳ್ಳ ಹಾಯುತ್ತದೆ, ಇಷ್ಟು ಗುಂಟೆ ಬಿ ಖರಾಬು, ಮೇ ತಿಂಗಳ ಅಳತೆಯಲ್ಲಿ ಹತ್ತಿರದ ಸಾರ್ವಜನಿಕ ಬೋರುಗಳ ಇಳುವರಿ ಗಂಟೆಗೆ ಇಷ್ಟು, ಪ್ರಸ್ತಾವಿತ ಸೈಟುಗಳ ಬೇಡಿಕೆ ದಿನಕ್ಕೆ ಇಷ್ಟು, ಕೊರತೆ ಇಷ್ಟು, ಚರಂಡಿಗೆ ಹೊರದಾರಿ ಇಲ್ಲ, ಆದ್ದರಿಂದ ಈ ಷರತ್ತುಗಳು ಪೂರೈಸುವವರೆಗೆ ಮಂಜೂರಾತಿ ಬೇಡವೆಂದು ಗ್ರಾಮ ಸಭೆಯ ಅಭಿಪ್ರಾಯ. ಪ್ರತಿ ಒಂದು ತಹಶೀಲ್ದಾರರಿಗೆ, ಒಂದು ಜಿಲ್ಲಾಧಿಕಾರಿಗೆ, ಒಂದು ಪ್ರಾಧಿಕಾರಕ್ಕೆ. ಮೂರು ಕಡೆಯೂ ಸ್ವೀಕೃತಿಯ ಮೊಹರು.

ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಅರವತ್ತು ದಿನ ಇರುತ್ತದೆ. ಊರಿಗೆ ಸುದ್ದಿ ಮುಟ್ಟುವಾಗ ಅರ್ಧ ಕಳೆದಿರುತ್ತದೆ. ಕರಡು ನಕ್ಷೆಯನ್ನು ನಮ್ಮ ಗೋಡೆಯ ಗ್ರಾಮ ನಕ್ಷೆಯ ಪಕ್ಕ ಇಟ್ಟು, ಎಲ್ಲಿ ಯೆಲ್ಲೋ ಝೋನು (ವಸತಿ ವಲಯ) ಕೆರೆಯ ಅಚ್ಚುಕಟ್ಟಿನ ಮೇಲೆ, ಹಳ್ಳದ ಮೇಲೆ ಬಂದಿದೆ ಎಂದು ನಂಬರುವಾರು ಪಟ್ಟಿ ಮಾಡಿ. ‘ರೈತರಿಗೆ ಅನ್ಯಾಯ’ ಎಂಬ ನೂರು ಸಹಿಯ ಒಂದು ಅರ್ಜಿಗಿಂತ ನಂಬರು, ಕಾರಣ ಬರೆದ ಹತ್ತು ಅರ್ಜಿ ಮೇಲು. ಒಂದೊಂದಕ್ಕೂ ಅವರು ಬೇರೆಬೇರೆಯಾಗಿ ಉತ್ತರ ಬರೆಯಬೇಕಾಗುತ್ತದೆ. ಬೀದಿಗಿಳಿದು ಗೆದ್ದ ಹೋರಾಟವೂ ನಮ್ಮ ಜಿಲ್ಲೆಯಲ್ಲೇ ಇದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನ ಮಾಡಿಕೊಳ್ಳುವ ಪ್ರಸ್ತಾವವನ್ನು 2022ರ ಏಪ್ರಿಲ್‌ನಿಂದ ಧರಣಿ ಕೂತ ರೈತರು 2025ರ ಜುಲೈನಲ್ಲಿ ಕೈಬಿಡಿಸಿದರು. ಆದರೆ ಅದು ಸರ್ಕಾರದ ಸ್ವಾಧೀನ. ಲೇಔಟಿನಲ್ಲಿ ಮಾರುವವನೂ ನಮ್ಮೂರ ರೈತನೇ. ಅವನ ವಿರುದ್ಧ ಧರಣಿ ಕೂರಲಾಗದು, ಕೂರಲೂ ಬಾರದು.

ಪರಿವರ್ತನೆ ಇಲ್ಲದ ಸೈಟುಗಳು

ಅತಿ ಹೆಚ್ಚು ತಲೆನೋವು ಇವುಗಳದ್ದೇ. ಪಹಣಿಯ ಜಮೀನಿನಲ್ಲಿ ಕಲ್ಲು ನೆಟ್ಟು ಜಿಪಿಎ (ಅಧಿಕಾರ ಪತ್ರ), ಕರಾರು ಪತ್ರದ ಮೇಲೆ ಮಾರಿದವು. ಹತ್ತು ಗುಂಟೆಯ ‘ಫಾರ್ಮ್ ಪ್ಲಾಟು’ ಈಗಿನ ಹೊಸ ರೂಪ. ಕೃಷಿ ಜಮೀನಿನಲ್ಲಿ ಹಿಡುವಳಿಯ ನೂರಕ್ಕೆ ಹತ್ತು ಭಾಗದವರೆಗೆ ತೋಟದ ಮನೆ ಕಟ್ಟಲು ಕಾನೂನಿನಲ್ಲಿ ಅವಕಾಶವಿದೆ ಎಂಬುದನ್ನು ಹಿಡಿದುಕೊಂಡು ಇಪ್ಪತ್ತು ಮನೆಯ ಬೀದಿಯನ್ನೇ ಎಬ್ಬಿಸುತ್ತಾರೆ. ಅಲ್ಲಿ ರಸ್ತೆಯೂ ಖಾಸಗಿ, ಪಾರ್ಕು ಇಲ್ಲವೇ ಇಲ್ಲ, ಕಸದ ಗಾಡಿ ಮಾತ್ರ ಪಂಚಾಯಿತಿಯದು ಬೇಕು.

ಇಂಥ ಸ್ವತ್ತುಗಳಿಗೆ ನಮೂನೆ 11ಬಿ ಇದೆ. 2025ರ ತಿದ್ದುಪಡಿಯ ಮೇಲೆ ಇನ್ನಷ್ಟು ಸ್ವತ್ತುಗಳು ತೆರಿಗೆಯ ವ್ಯಾಪ್ತಿಗೆ ಬಂದಿವೆ. ತೆರಿಗೆ ಬರುವುದು ಒಳ್ಳೆಯದೇ. ಆದರೆ 11ಬಿ ತೆರಿಗೆಯ ದಾಖಲೆ, ಲೇಔಟ್ ಸಕ್ರಮವಾಯಿತೆಂಬ ಸರ್ಟಿಫಿಕೇಟಲ್ಲ. ಕೊಡುವಾಗಲೇ ಸ್ವತ್ತಿನವರಿಗೆ ಇದನ್ನು ಬಾಯಲ್ಲಿ ಹೇಳಿ, ನೋಟಿಸ್ ಬೋರ್ಡಿನಲ್ಲೂ ಬರೆದು ಹಾಕಿ. ಬ್ರೋಕರುಗಳು ಇದನ್ನು ‘ಇ-ಖಾತೆ ಆಗಿದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮಾಡಬಹುದಾದ ಒಂದು ಉಪಯುಕ್ತ ಕೆಲಸವೆಂದರೆ, ಅಂಥ ನಂಬರುಗಳ ರಸ್ತೆಯ ನಿಜವಾದ ಅಗಲವನ್ನು ಈಗಲೇ ಅಳೆದು ಫೋಟೋ ಸಹಿತ ದಾಖಲಿಸುವುದು. ಮುಂದೆ ಸಕ್ರಮದ ಅವಕಾಶ ಬಂದಾಗ ಇಪ್ಪತ್ತಡಿ ದಾರಿ ಹದಿನಾಲ್ಕಕ್ಕೆ ಇಳಿದಿರಬಾರದು.

ಸೈಟೇ ಇಲ್ಲದವರು

ಇಷ್ಟೆಲ್ಲ ಲೇಔಟುಗಳ ನಡುವೆ ಊರಿನ ಕಾಲೋನಿಯಲ್ಲಿ ಒಂದೇ ಸೂರಿನಡಿ ಮೂರು ಸಂಸಾರ ಇರುತ್ತವೆ. ಮೂವತ್ತು ನಲವತ್ತರ ಬೆಲೆ ಅವರಿಗೆ ಎಟುಕುವುದಿಲ್ಲ. ಮನೆಗಳು ಹೆಚ್ಚಾದರೆ ಬೆಲೆ ಇಳಿದು ಎಲ್ಲರಿಗೂ ಮನೆ ಸಿಗುತ್ತದೆ ಎಂಬ ವಾದವನ್ನು ಸಭೆಯಲ್ಲಿ ಕೇಳಿದ್ದೇವೆ, ನಮ್ಮ ಪಂಚಾಯಿತಿಯಲ್ಲಿ ಅದು ನಡೆದಿಲ್ಲ. ಇಲ್ಲಿ ಸೈಟು ಕೊಳ್ಳುವವರು ಹೆಚ್ಚಾಗಿ ವಾಸಕ್ಕೆ ಕೊಳ್ಳುವವರಲ್ಲ.

ಇಪ್ಪತ್ತು ಮೂವತ್ತರ, 600 ಚದರಡಿಯ ಸೈಟಾದರೆ ಅದೇ ಐವತ್ತೈದರ ಲೆಕ್ಕದಲ್ಲಿ ಒಂದು ಎಕರೆಗೆ 40 ಕುಟುಂಬ. ಐದು ಎಕರೆ ಸರ್ಕಾರಿ ಜಮೀನು ಸಿಕ್ಕರೆ 200 ಕುಟುಂಬ. ಆದ್ದರಿಂದ ಗೋಮಾಳ, ಸರ್ಕಾರಿ ಬೀಳುಗಳ ಪಟ್ಟಿಯನ್ನು ಲೇಔಟ್ ನಕ್ಷೆಗಳ ಜೊತೆಗೇ ಗೋಡೆಗೆ ಹಾಕಬೇಕು, ಕಾಯ್ದಿರಿಸಲು ಜಿಲ್ಲಾಧಿಕಾರಿಗೆ ಪ್ರಸ್ತಾವ ಹೋಗಬೇಕು. ಮೇಯಿಸುವವರ ವಿರೋಧ ಬಂದೇ ಬರುತ್ತದೆ. ಅದಕ್ಕೆ ಉತ್ತರವಾಗಿ ಎಷ್ಟು ದನ, ಎಷ್ಟು ಗೋಮಾಳ, ಎಷ್ಟು ಒತ್ತುವರಿ ಎಂಬ ಮೂರು ಅಂಕಿ ಬೇಕು. ಒತ್ತುವರಿಯ ಅಂಕಿ ಓದಿದಾಗ ಸಭೆ ಸಾಮಾನ್ಯವಾಗಿ ತಣ್ಣಗಾಗುತ್ತದೆ.

ನಿವೇಶನ ರಹಿತರ ಹಳೆಯ ಪಟ್ಟಿಯನ್ನು ನಂಬಬೇಡಿ. ತೀರಿಕೊಂಡವರು, ಮದುವೆಯಾಗಿ ಹೋದವರು, ಗಂಡನ ಹೆಸರಿನಲ್ಲೊಮ್ಮೆ ಹೆಂಡತಿಯ ಹೆಸರಿನಲ್ಲೊಮ್ಮೆ ಬರೆಸಿದವರು ಇರುತ್ತಾರೆ. ರೇಷನ್ ಕಾರ್ಡಿನ ಜೊತೆ ತಾಳೆ ನೋಡಿ, ಇ-ಸ್ವತ್ತಿನಲ್ಲಿ ಇಬ್ಬರ ಹೆಸರನ್ನೂ ಹುಡುಕಿ, ಆಮೇಲೆ ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಗಟ್ಟಿಯಾಗಿ ಓದಿ. ಗ್ರಾಮ ಸಭೆಯ ಗದ್ದಲದಲ್ಲಿ ದಾಟಿಹೋಗುವ ಸುಳ್ಳು ಹೆಸರು ವಾರ್ಡಿನಲ್ಲಿ ಅಕ್ಕಪಕ್ಕದವರ ಎದುರು ದಾಟುವುದಿಲ್ಲ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಗೆ ಕನಿಷ್ಠ 25 ಚದರ ಮೀಟರ್, ಸಹಾಯಧನ 1.20 ಲಕ್ಷ ರೂಪಾಯಿ. ನಮ್ಮ ಕಡೆಯ ಕೂಲಿ, ಜಲ್ಲಿ, ಕಬ್ಬಿಣದ ಬೆಲೆಗೆ ಅದು ಸಾಲದು. ಪಾಯಕ್ಕೇ ಹೆಚ್ಚು ಸುರಿದವರು ಲಿಂಟಲ್ ಮಟ್ಟದಲ್ಲಿ ನಿಲ್ಲುತ್ತಾರೆ, ನಿಂತರೆ ಮುಂದಿನ ಕಂತೂ ನಿಲ್ಲುತ್ತದೆ. ಪಾಯ ಹಾಕುವ ಮೊದಲೇ ಛಾವಣಿಯವರೆಗಿನ ಸಾಮಾನಿನ ಪಟ್ಟಿ ಬರೆಸುವುದು ಒಳ್ಳೆಯದು.

ಪಟ್ಟಣ ಪಂಚಾಯಿತಿ ಆಗಬೇಕೆ?

ಲೇಔಟಿನವರಿಗೆ ಬೇಕು, ಊರಿನ ಅರ್ಧ ಜನಕ್ಕೆ ಬೇಡ. ನಮ್ಮ ಪಕ್ಕದ ಬಾಶೆಟ್ಟಿಹಳ್ಳಿ ಪಟ್ಟಣ ಪಂಚಾಯಿತಿಯಾಗಿದೆ. 1964ರ ಪೌರಸಭೆಗಳ ಕಾಯ್ದೆಯ ಅಳತೆಗೋಲು 10,000ದಿಂದ 20,000 ಜನಸಂಖ್ಯೆ, ಚದರ ಕಿಲೋಮೀಟರಿಗೆ 400 ಜನ, ದುಡಿಮೆಯಲ್ಲಿ ಅರ್ಧದಷ್ಟು ಕೃಷಿಯೇತರ. ಆದರೆ ಉದ್ಯೋಗ ಖಾತರಿಯ ಕೂಲಿ, ಗ್ರಾಮೀಣ ಆವಾಸ್ ಮನೆ ಎರಡೂ ಹೋಗುತ್ತವೆ. ತೆರಿಗೆಯ ದರವೂ, ಪರವಾನಗಿಯ ನಿಯಮವೂ ಬೇರೆ. ತೀರ್ಮಾನಕ್ಕೆ ಮೊದಲು ಎರಡು ಕಲಮಿನ ಒಂದು ಹಾಳೆ ಮಾಡಿ, ಹೋಗುವ ಅನುದಾನ ಒಂದರಲ್ಲಿ, ಬರುವ ಅನುದಾನ ಇನ್ನೊಂದರಲ್ಲಿ. 2025-26ರವರೆಗಿನ 15ನೇ ಹಣಕಾಸು ಆಯೋಗದ ಹಣದಲ್ಲಿ ನೂರಕ್ಕೆ ಅರವತ್ತು ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿತ್ತು, ಅಂಥ ಕಟ್ಟುಪಾಡನ್ನೂ ಮರೆಯದೆ ಸೇರಿಸಿ.

ಪಂಚಾಯಿತಿಯ ಅವಧಿ ಐದು ವರ್ಷ, ಲೇಔಟ್ ತುಂಬುವುದು ಅದಕ್ಕಿಂತ ನಿಧಾನ. ಹೊಸ ಸದಸ್ಯರು ಬಂದ ದಿನ ಅವರ ಕೈಗೆ ಹೋಗಬೇಕಾದ ಕಡತದಲ್ಲಿ ಇವಿಷ್ಟು ಇರಲಿ: ಬಣ್ಣ ಹಾಕಿದ ಗ್ರಾಮ ನಕ್ಷೆಗಳು, ಪ್ರತಿ ಮೇ ತಿಂಗಳ ಬೋರಿನ ಅಳತೆ ಪುಸ್ತಕ, ಪರಿತ್ಯಾಜನಾ ಪತ್ರಗಳ ದೃಢೀಕೃತ ಪ್ರತಿ, ಸ್ವೀಕೃತಿ ಮೊಹರಿನ ನಡಾವಳಿಗಳು, 11ಬಿ ಸ್ವತ್ತುಗಳ ರಸ್ತೆಯ ಫೋಟೋ. ಮೂಲ ಪ್ರತಿ ಆಫೀಸಿನ ಬೀರುವಿನಲ್ಲಿ, ಒಂದು ಜೆರಾಕ್ಸ್ ಸೆಟ್ಟು ಊರಿನ ಗ್ರಂಥಾಲಯದಲ್ಲಿ.